ನೈಟ್ರೋಜನ್ ಕ್ಯಾನಿನವರು

ಭೀಮನಬೀಡಿನ ನಮ್ಮ ಕೊಟ್ಟಿಗೆಗೆ ಹಸುಗಳಿಗೆ ಗರ್ಭ ಕಟ್ಟಿಸಲು ಬರುತ್ತಿದ್ದ ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರು, ನೈಟ್ರೋಜನ್ ಕ್ಯಾನಿನಿಂದ ಹೋರಿಯ ಹೆಪ್ಪುಗಟ್ಟಿದ ವೀರ್ಯದ ಕಡ್ಡಿ ತೆಗೆದು ಬಿಸಿನೀರಿಗೆ ಅದ್ದುತ್ತಾ, "ಸತ್ತಿಲ್ಲ ಕಣಮ್ಮಿ, ಮನಿಕಂಡವೆ," ಎನ್ನುತ್ತಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ಊರು ಅವರ ಹೆಂಡತಿಯನ್ನು ಆಡಿಕೊಳ್ಳುತ್ತಿತ್ತು. ಕೊರತೆ ತಮ್ಮದೆಂದು ತಿಳಿದ ಮೇಲೆ ಅವರು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಇರುವಷ್ಟಾದರೂ ಉಳಿಯಲೆಂದು ತಮ್ಮ ವೀರ್ಯವನ್ನು ಶೇಖರಿಸಿಡಲು ಕೊಟ್ಟು ಬಂದಿದ್ದರು. ಪ್ರಾಣಿಶಾಸ್ತ್ರ ಓದುತ್ತಿದ್ದ ನನಗೆ ಮಾತ್ರ ಒಮ್ಮೆ ಕೊಟ್ಟಿಗೆಯಲ್ಲಿ ಕಡ್ಡಿ ಅದ್ದುತ್ತಾ ಹೇಳಿದರು:

"ನಂದ್ರಲ್ಲಿ ಅರ್ಧ ನಿಧಾನಕ್ಕೆ ತಣ್ಣಗೆ ಮಾಡುದ್ರು, ಅರ್ಧ ಒಂದೇ ಸಲಕ್ಕೆ ನೈಟ್ರೋಜನ್ನಿನ ತಣ್ಣನೆ ಆವಿಗಿಟ್ರು. ಯಾವುದ್ರಲ್ಲಿ ಹೆಚ್ಚು ಉಳಿತವೆ ನೋಡನ ಅಂತ. ಕರಗ್ಸಿ ನೋಡುದ್ರೆ ಎರಡ್ರಲ್ಲೂ ಒಂದೂ ಅಲ್ಲಾಡ್ನಿಲ್ಲ."

ಅಷ್ಟರಲ್ಲಿ ಹಸು ಹಿಡಿದು ಬಂದ ಅಪ್ಪ ಎಂದಿನಂತೆ ನಗುತ್ತಾ, "ಏನ್ ಸಾ, ಮನಿಕಂಡವೋ, ಎದ್ದವೋ?" ಎಂದರು.

ಇನ್ಸ್‌ಪೆಕ್ಟರು ಕಡ್ಡಿಯನ್ನು ಬಿಸಿನೀರಿನಲ್ಲಿ ಹಿಡಿದೇ ನಿಂತಿದ್ದರು.

"ಹಸುನ ಗಟ್ಟಿಯಾಗಿ ಹಿಡ್ಕಳಿ ಯಜಮಾನ್ರೇ," ಎಂದರು.