ಅಮ್ಮ ಹೋದರೂ ಅಳದ ಮಗು

ಕೋಗಿಲು ಹಳ್ಳಿಯ ಜೈನಾಬ್‌ಗೆ ಜಂಬಪಡಲು ಇದ್ದದ್ದು ಒಂದೇ, ಅವಳ ಮಗ ನಜೀರ್. ಗಂಡ ವಾಜಿದ್ ಲಾರಿಯ ಮೇಲೆ ಊರೂರು ಅಲೆಯುವವನು. ಬಾಣಂತನ ಮಾಡಲು ಮನೆಯಲ್ಲಿ ಹಿರಿಯರಿರಲಿಲ್ಲ. ಪಕ್ಕದ ಮನೆಯ ಮಾರಮ್ಮ ಕರೆಯದೆಯೇ ಬಂದಳು. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ದಳು. “ನಿಮ್ಮಪ್ಪನ ಮೂಗು ಬ್ಯಾಡ ಕಣ್ಲಾ ನಿಂಗೆ” ಎಂದು ಬೈಯುತ್ತಲೇ ಮೂಗು ನೀವಿದಳು. ಮೂರು ತಿಂಗಳಿಗೆ ಜೈನಾಬ್ ಯಶವಂತಪುರದ ಮಂಡಿಗೆ ಈರುಳ್ಳಿ ಆರಿಸಲು ಹೊರಟಾಗ ಮಗು ಮಾರಮ್ಮನ ಸೊಂಟ ಏರಿತು. ಆಮೇಲೆ ಬೀದಿಯ ಸೊಂಟಗಳೆಲ್ಲ ಅದರವೇ.

ಎಂಬತ್ನಾಲ್ಕನೇ ಇಸವಿಯಲ್ಲಿ, ನಜೀರ್‌ಗೆ ಹನ್ನೊಂದು ತಿಂಗಳಾದಾಗ, ಯಾವುದೋ ಕಾಲೇಜಿನಿಂದ ಒಬ್ಬಳು ಸಂಶೋಧಕಿ ಬಂದಳು. ಮಕ್ಕಳಿಗೆ ಅಮ್ಮನ ಮೇಲೆ ಎಷ್ಟು ಪ್ರೀತಿ ಎಂದು ಅಳೆಯುವುದು ಅವಳ ಕೆಲಸ. ಪ್ರೀತಿ ಅಳೆಯುವ ಸೇರು ಯಾವ ಅಂಗಡಿಯಲ್ಲಿ ಸಿಗುತ್ತದೋ ಕಾಣೆ. ಪದ್ಧತಿ ಹೊರದೇಶದ್ದಂತೆ. ಅಮ್ಮ ಮೂರು ನಿಮಿಷ ಕೋಣೆಯಿಂದಾಚೆ ಇರಬೇಕು, ಮಗು ಏನು ಮಾಡುತ್ತದೆಂದು ಈಕೆ ಬರೆದುಕೊಳ್ಳಬೇಕು. ನಜೀರ್ ಅಮ್ಮ ಹೋದ ಬಾಗಿಲನ್ನು ಒಮ್ಮೆ ನೋಡಿದ. ಆಮೇಲೆ ಅಂಬೆಗಾಲಿಟ್ಟು ಹೋಗಿ ಸಂಶೋಧಕಿಯ ಮಡಿಲೇರಿ ಅವಳ ಕನ್ನಡಕಕ್ಕೇ ಕೈಹಾಕಿದ. ಅಮ್ಮ ವಾಪಸು ಬಂದರೂ ಇಳಿಯಲಿಲ್ಲ.

“ಮಗು ನಿಮ್ಮನ್ನ ಅಷ್ಟಾಗಿ ಹಚ್ಕೊಂಡಿಲ್ಲ ಅನ್ಸುತ್ತೆ,” ಎಂದಳು ಆಕೆ. ಕೆಟ್ಟ ಮನಸ್ಸಿನಿಂದೇನಲ್ಲ.

ಜೈನಾಬ್ ಆಕೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು. ಹೆತ್ತವಳು ನಾನು, ಮಗ ಮಾತ್ರ ನನ್ನವನಲ್ಲವೇ? ಮರುದಿನವೇ ಮಂಡಿ ಬಿಟ್ಟಳು. “ಇನ್ಮೇಲೆ ನಾನೇ ನೋಡ್ಕೋತೀನಿ” ಎಂದು ಮಾರಮ್ಮನಿಗೆ ಮುಖ ಕೊಡದೆ ಹೇಳಿ ಬಾಗಿಲು ಹಾಕಿಕೊಂಡಳು. ಒಂಬತ್ತು ದಿನ ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಮೊದಮೊದಲು ನಜೀರ್ ಬಾಗಿಲ ಬಳಿ ಕೂತು ಹಲಗೆ ಬಡಿದ. ಆಮೇಲೆ ಊಟ ಬಿಟ್ಟ. ಕೊನೆಗೆ ಅವಳ ಸೆರಗನ್ನೇ ಬಿಡದಾದ. ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಅತ್ತು ಅತ್ತು ಬಿಕ್ಕಳಿಸುತ್ತಿದ್ದ.

ಹತ್ತನೆಯ ದಿನ ಸಂಶೋಧಕಿ ಮತ್ತೆ ಬಂದಳು. ಜೈನಾಬ್ ಹೊರಗೆ ಕಾಲಿಟ್ಟದ್ದೇ ತಡ, ನಜೀರ್ ಸೂರು ಹಾರಿಹೋಗುವಂತೆ ಕಿರುಚಿದ.

“ನೋಡಿ, ಈಗ ಎಷ್ಟು ಚೆನ್ನಾಗಿ ಹಚ್ಕೊಂಡಿದೆ!”

ಇಷ್ಟು ದಿನ ಆ ಮಾತಿಗಾಗಿಯೇ ಕಾದಿದ್ದಳು ಜೈನಾಬ್. ಕೇಳಿದಾಗ ಮಾತ್ರ ನಾಚಿಕೆಯಾಯಿತು. ನಡುಗುವ ಮಗುವನ್ನು ಎತ್ತಿಕೊಂಡು, “ಇದು ಪ್ರೀತಿ ಅಲ್ಲ ಮೇಡಂ, ಭಯ. ಇವನಿಗೆ ಹತ್ತು ಜನ ಇದ್ರು. ನಾನೇ ಎಲ್ರನ್ನೂ ಕಿತ್ಕೊಂಡೆ,” ಎಂದಳು. ಸಂಶೋಧಕಿ ಪೆನ್ನು ಕೆಳಗಿಟ್ಟಳು.

ಜೈನಾಬ್ ಮಗುವಿನೊಂದಿಗೆ ನೇರ ಮಾರಮ್ಮನ ಮನೆಗೇ ನಡೆದಳು. ಹಿತ್ತಲಲ್ಲಿ ಒಲೆ ಉರಿಯುತ್ತಿತ್ತು. ನಜೀರ್ ಒಲೆಯ ಮುಂದೆ ಮಾರಮ್ಮನ ಹೊಗೆ ಮೆತ್ತಿದ ಮುಖ ಕಂಡದ್ದೇ ಎರಡೂ ಕೈ ಚಾಚಿದ.

“ತಪ್ಪಾಯ್ತು ಮಾರಮ್ಮ. ನಾನು ಕೂಲಿಗೆ ಹೋದ್ರೂ ನನ್ನ ಮಗ ಅಳದೆ ಇದ್ದಿದ್ದು ನಿಮ್ಮಿಂದ. ನಂಗೇ ಗೊತ್ತಾಗ್ಲಿಲ್ಲ.”

ಮಾರಮ್ಮ ಮಗುವನ್ನು ಇಸಕೊಂಡಳು. ಕಾಲು ನೀಡಿ ಕೂತು ಮಗುವಿನ ಅಂಗಿ ಬಿಚ್ಚಿದಳು. ಒಲೆಯ ಮೇಲಿನ ಹಂಡೆಯಲ್ಲಿ ನೀರು ಆಗಲೇ ಕಾದಿತ್ತು.

“ಇವತ್ತು ಬರ್ತೀವಿ ಅಂತ ನಿಮ್ಗೆ ಹೆಂಗೆ ಗೊತ್ತಾಯ್ತು?”

“ಗೊತ್ತಿರ್ಲಿಲ್ಲ ಕಣಮ್ಮಿ. ಒಂಬತ್ತು ದಿನಾನೂ ಇಂಗೇ ಕಾಯ್ಸಿಟ್ಕಂಡು ಕುಂತಿದ್ದೆ.”

ಜೈನಾಬ್ ಅವಳ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟಳು.