ಗೋಡೆಯ ಚಾರ್ಟು ಫೋನಿಗೆ ಇಳಿದದ್ದು

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅಂಬುಜಾ ನಡೆಸುವ ಬೋರ್‌ವೆಲ್ ಪಂಪಿನ ಬಿಡಿಭಾಗಗಳ ಅಂಗಡಿಯಲ್ಲಿ ಬಾಯಿಗಿಂತ ಬೆರಳಿಗೇ ಹೆಚ್ಚು ಕೆಲಸ. ಕೌಂಟರಿನ ಪಕ್ಕದ ಗೋಡೆಯ ಮೇಲೆ, ಗಾಜು ಹಾಕಿಸಿದ ಒಂದು ದೊಡ್ಡ ಚಾರ್ಟು. ಆರು ಸಾಲು, ಸಾಲಿಗೆ ಎಂಟು ಚಿತ್ರ, ಪ್ರತಿ ಚಿತ್ರದ ಕೆಳಗೆ ಒಂದು ನಂಬರು. ಮೆಕ್ಯಾನಿಕ್‌ಗಳು ಯಾವ ಸಾಮಾನನ್ನೂ ಹೆಸರು ಹೇಳಿ ಕೇಳುವುದಿಲ್ಲ. ತುಮಕೂರಿನವನು ಬಟ್ಟಲು ಎನ್ನುವುದನ್ನು ಗದಗಿನವನು ಟೊಪ್ಪಿಗಿ ಎನ್ನುತ್ತಾನೆ. ಹೀಗಾಗಿ ಎಲ್ಲರೂ ಗಾಜಿನ ಮೇಲೆ ಬೆರಳಿಟ್ಟು, "ಇದು ಕೊಡಿ" ಅನ್ನುತ್ತಾರೆ. ಅಂಬುಜಾ ಅವರ ಅತ್ತೆ ಇಂದ್ರಮ್ಮ ಶುಕ್ರವಾರ ಶುಕ್ರವಾರ ಹಳೇ ಪೇಪರಿನಿಂದ ಆ ಗ್ರೀಸಿನ ಗುರುತುಗಳನ್ನು ಉಜ್ಜಿ ತೆಗೆಯುತ್ತಾರೆ.

ಚಾರ್ಟು ಬರೆದದ್ದು ಅಂಬುಜಾ ಅವರೇ. ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸ್ ಮುಗಿಸಿ, ೧೯೮೮ರಲ್ಲಿ ಸೊಸೆಯಾಗಿ ಬಂದ ಎರಡನೇ ವಾರಕ್ಕೇ ಮಾವ ಮುನಿರಾಮಯ್ಯ ಟ್ರೇಸಿಂಗ್ ಪೇಪರಿನ ಸುರುಳಿ ತಂದು ಮುಂದಿಟ್ಟಿದ್ದರು. "ಅಡುಗೆ ಆಮೇಲೆ ಕಲ್ತ್ಕೋಮ್ಮ, ಮೊದ್ಲು ಈ ಸಾಮಾನೆಲ್ಲ ಬರ್ದುಕೊಡು" ಎಂದಿದ್ದರು. ಮಾವ ತೀರಿಕೊಂಡ ಮೇಲೆ ಗಂಡ ಒಳಗಿನ ಲೇತ್ ನೋಡಿಕೊಂಡರು, ಅಂಬುಜಾ ಕೌಂಟರಿಗೆ ಬಂದರು.

೨೦೦೭ರ ಕೊನೆಯಲ್ಲಿ ಅಂಗಡಿಗೊಂದು ವೆಬ್‌ಸೈಟೂ ಆಯಿತು. ನವರಂಗ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಕಿಟ್ಟಿ ಮಾಡಿಕೊಟ್ಟ. ಗೋಡೆಯ ಚಾರ್ಟಿನ ಫೋಟೋ ಅದರಲ್ಲಿತ್ತು. ಪಂಪು ಬಿಚ್ಚಿಟ್ಟ ಮೆಕ್ಯಾನಿಕ್ ಅಲ್ಲಿಂದಲೇ ಫೋನಿನಲ್ಲಿ ಚಾರ್ಟು ನೋಡಿ ನಂಬರು ಹೇಳಲಿ, ಸಾಮಾನು ಆಟೋದಲ್ಲಿ ಹೋಗಲಿ ಎಂಬುದು ಅಂಬುಜಾ ಅವರ ಲೆಕ್ಕಾಚಾರ.

ಫೆಬ್ರವರಿಯಲ್ಲಿ ಗಂಗಾಧರಯ್ಯ ಅಂಗಡಿಗೆ ಬಂದರು. ಮಾಗಡಿ ರಸ್ತೆಯ ಕಡೆ ಬೋರ್‌ವೆಲ್ ರಿಪೇರಿಯ ದೊಡ್ಡ ಗುತ್ತಿಗೆದಾರರು, ಮಾವನ ಕಾಲದ ಗಿರಾಕಿ. ಅಂಗಡಿಯ ವ್ಯಾಪಾರದಲ್ಲಿ ಹತ್ತಿರ ಹತ್ತಿರ ಅರ್ಧ ಅವರದೇ.

"ಅಲ್ಲಮ್ಮ, ಕಾರ್ಡ್ ಮೇಲೆಲ್ಲ ವೆಬ್‌ಸೈಟು ಅಂತ ಹಾಕ್ಸಿದೀಯ. ನಮ್ ಹುಡುಗ್ರಿಗೆ ಒತ್ತಿ ಒತ್ತಿ ಹೆಬ್ಬೆಟ್ಟು ಸವೆದೋಯ್ತು. ಕೊನೆಗೆ ಒಬ್ಬ ಬಸ್ ಹತ್ಕೊಂಡು ಬಂದು ಈ ಗೋಡೇನೇ ಮುಟ್ಬೇಕು."

"ಚೆನ್ನಾಗೇ ಓಪನ್ ಆಗತ್ತಲ್ಲ ಸಾರ್" ಎಂದು ಅಂಬುಜಾ ಕಂಪ್ಯೂಟರನ್ನು ಅವರತ್ತ ತಿರುಗಿಸಿದರು. ಚಾರ್ಟು ಥಟ್ಟನೆ ಬಂತು.

"ನನ್ ಪಂಪು ಇಲ್ಲಿ ಬಿಚ್ಚಿಲ್ಲಮ್ಮ, ಬ್ಯಾಡರಹಳ್ಳೀಲಿ ಬಿಚ್ಚಿರೋದು. ಯುಗಾದಿ ಆದ್ಮೇಲೆ ನಂದು ಆರು ಗ್ಯಾಂಗು ಕೆಲಸಕ್ಕೆ ಇಳಿಯತ್ತೆ. ಅಷ್ಟರೊಳಗೆ ಫೋನಲ್ಲಿ ಬರ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ, ಯಶವಂತಪುರದ ಅಂಗಡಿಯೋರೊಬ್ರು ಸಾಮಾನು ಸಮೇತ ಜನಾನೇ ಕಳಿಸ್ತೀನಿ ಅಂತಿದಾರೆ."

ಮಾರನೇ ದಿನ ಅಂಬುಜಾ ಬಸ್ಸು ಹಿಡಿದು ಬ್ಯಾಡರಹಳ್ಳಿಗೆ ಹೋದರು. ಅರ್ಧ ಕಟ್ಟಿದ ಮನೆಯೊಂದರ ಪಕ್ಕ ಕೊಳವೆಗಳ ರಾಶಿಯ ಮೇಲೆ ಗಂಗಾಧರಯ್ಯನವರ ಮೆಕ್ಯಾನಿಕ್, ಗದಗಿನ ಕಡೆಯ ಮುತ್ತುರಾಜ ಕೂತಿದ್ದ. ಫೋನಿನ ಪರದೆ ಬೆಂಕಿಪೊಟ್ಟಣದಷ್ಟಿತ್ತು. ವಿಳಾಸ ಒತ್ತಿದ. ಸ್ವಲ್ಪ ಹೊತ್ತಿನ ಮೇಲೆ ಪರದೆಯ ತಲೆಯಲ್ಲಿ ಬಂಗಾರದ ಬಣ್ಣದ ಒಂದು ಗೆರೆ ಮೂಡಿತು.

"ಕಿರೀಟ ಬಂತ್ರಿ ಅಕ್ಕಾರ. ಇನ್ನ ಸೊಂಡಿ ಬರಬೇಕು."

"ಎಷ್ಟೊತ್ತಾಗತ್ತಪ್ಪ?"

"ಸೊಂಡಿ ಬರೂತನಾ ಒಂದು ಚಾ ಆಕ್ಕೈತ್ರಿ. ಹೊಟ್ಟಿ ದೊಡ್ಡದೈತಿ, ಅದಕ್ಕ ಇನ್ನೊಂದು."

ಆತ ಹೇಳಿದಂತೆಯೇ ಆಯಿತು. ಮಿಣುಕು ದೀಪಗಳ ನಡುವಿನ ಗಣಪತಿ ಗೆರೆಗೆರೆಯಾಗಿ ಇಳಿದು ಬಂದ. ಆಮೇಲೆ ಹಾರ ಹಾಕಿದ ಮುನಿರಾಮಯ್ಯನವರ ಫೋಟೋ. ಅವರು ಮೀಸೆಯ ತನಕ ಬರುವಷ್ಟರಲ್ಲಿ ಸಿಗ್ನಲ್ ಕಡಿದುಹೋಯಿತು. ಮತ್ತೆ ಕಿರೀಟದಿಂದ ಶುರು. ಚಾರ್ಟು ಬರಲೇ ಇಲ್ಲ.

ಹಿಂದಿರುಗುವಾಗ ಅಂಬುಜಾ ನೇರ ಕಿಟ್ಟಿಯ ಅಂಗಡಿಗೆ ಹೋದರು.

"ಆಂಟಿ, ಗಣಪತಿ ಇಲ್ದೆ ಯಾರಾದ್ರೂ ಅಂಗಡಿ ಓಪನ್ ಮಾಡ್ತಾರಾ? ದೀಪ ಮಿಣುಕೋದು ನಾನೇ ಫ್ರೀಯಾಗಿ ಹಾಕಿದ್ದು."

"ಫ್ರೀಯಾಗೇ ತೆಗ್ದುಬಿಡಪ್ಪ. ಚಾರ್ಟು ಎಷ್ಟು ಭಾರ ಇದೆ, ಅದು ಹೇಳು."

ಚಾರ್ಟಿನ ಫೋಟೋ ಒಂದೇ ಒಂದೂವರೆ ಎಂಬಿ ಇತ್ತು. ಮೊಬೈಲಿನಲ್ಲಿ ಇಂಟರ್ನೆಟ್ಟು ಸೆಕೆಂಡಿಗೆ ಮೂರು ಕೇಬಿ ಎಳೆದುಕೊಂಡರೆ ಅದೇ ಹೆಚ್ಚು, ಇದಕ್ಕೆ ಎಂಟು ನಿಮಿಷ ಬೇಕು ಎಂದು ಕಿಟ್ಟಿ ತಲೆ ಕೆರೆದುಕೊಂಡ. ಗಾಜಿನ ಮೇಲಿನ ಟ್ಯೂಬ್‌ಲೈಟಿನ ಹೊಳಪು, ಗೋಡೆಯ ಸುಣ್ಣ, ಮೆಕ್ಯಾನಿಕ್‌ಗಳ ಗ್ರೀಸಿನ ಗುರುತು, ಎಲ್ಲವೂ ಆ ಫೋಟೋದಲ್ಲಿತ್ತು. ಎಲ್ಲಕ್ಕೂ ತೂಕವಿತ್ತು.

ಮೊದಲ ಪ್ರಯತ್ನಕ್ಕೆ ಚಿತ್ರಗಳನ್ನೆಲ್ಲ ತೆಗೆದು, ನಲವತ್ತೆಂಟು ಬಿಡಿಭಾಗಗಳ ಹೆಸರು ಮತ್ತು ನಂಬರುಗಳನ್ನು ಇಂಗ್ಲಿಷಿನಲ್ಲಿ ಪಟ್ಟಿ ಮಾಡಿ ಹಾಕಿದರು. ಪಟ್ಟಿ ನಾಲ್ಕು ಸೆಕೆಂಡಿಗೆ ತೆರೆಯಿತು. ಅಂದೇ ಮಧ್ಯಾಹ್ನ ಮುತ್ತುರಾಜನ ಫೋನು ಬಂತು.

"ಲಗೂನ ಬಂತ್ರಿ ಅಕ್ಕಾರ. ಆದ್ರ ಏನ್ ಬಂದೈತಿ ಅಂತ ತಿಳೀವಲ್ದು."

ಅಂಬುಜಾ ಫೋನಿಟ್ಟು ಗೋಡೆಯ ಕಡೆ ನೋಡಿದರು. ಇಪ್ಪತ್ತು ವರ್ಷ ಹೆಸರೇ ಕೇಳದೆ ವ್ಯಾಪಾರ ಮಾಡಿದ್ದು ತಾವೇ. ಈಗ ಹೆಸರು ಓದಿ ಎಂದರೆ ಮೆಕ್ಯಾನಿಕ್‌ಗಳಾದರೂ ಏನು ಮಾಡಿಯಾರು?

ಆ ಭಾನುವಾರ ಅವರು ಅಟ್ಟದಿಂದ ಡ್ರಾಯಿಂಗ್ ಬೋರ್ಡು ಇಳಿಸಿದರು. ಚಾರ್ಟಿನ ಒಂದೊಂದು ಚಿತ್ರವನ್ನೂ ಬೇರೆ ಬೇರೆ ಚೀಟಿಯ ಮೇಲೆ, ಬೆಂಕಿಪೊಟ್ಟಣದ ಅಳತೆಯಲ್ಲಿ ಕಪ್ಪು ಶಾಯಿಯಿಂದ ಬರೆಯತೊಡಗಿದರು. ನೆರಳು ಬಿಟ್ಟರು, ಅಳತೆಯ ಗೆರೆಗಳನ್ನೂ ಬಿಟ್ಟರು. ಬಳೆಯಂಥ ಬುಷ್‌ಗೆ ಎರಡು ವೃತ್ತ, ಒಂದು ಗೀಟು ಸಾಕಾಯಿತು. ಕಿಟ್ಟಿ ಅವನ್ನು ಸ್ಕ್ಯಾನ್ ಮಾಡಿ, ಬರೀ ಕಪ್ಪು ಬಿಳುಪಿಗೆ ಇಳಿಸಿದಾಗ ಒಂದೊಂದೂ ಎರಡು ಕೇಬಿಗೆ ಬಂತು. ಗೋಡೆಯ ಸಾಲಿಗೊಂದರಂತೆ ಆರು ಪುಟ, ಪುಟಕ್ಕೆ ಎಂಟು ಚಿತ್ರ ಒಂದರ ಕೆಳಗೊಂದು. ಆಗಿನ ಫೋನುಗಳಲ್ಲಿ ಕನ್ನಡ ಅಕ್ಷರ ಮೂಡದೆ ಬರೀ ಚೌಕಗಳು ಕಾಣುತ್ತಿದ್ದವು. ಹಾಗಾಗಿ ಮೊದಲ ಪುಟದಲ್ಲಿ ಒಂದರಿಂದ ಆರರವರೆಗಿನ ಅಂಕಿಗಳಷ್ಟೇ ಉಳಿದವು.

ಇಂದ್ರಮ್ಮ ಬಂದು ಕಂಪ್ಯೂಟರಿನ ಮುಂದೆ ನಿಂತರು.

"ದೇವ್ರೆಲ್ಲೇ? ನಿಮ್ ಮಾವ ಎಲ್ಲಿ?"

"ಮಾವನ ಫೋಟೋಗೆ ಒಳಗಡೆ ಬೇರೆ ಪುಟ ಮಾಡಿದೀನಿ ಅತ್ತೆ."

"ಅಂಗಡಿ ಕಟ್ಟಿದೋರನ್ನ ಒಳಗಡೆ ಕೂರಿಸ್ತೀಯಾ?"

"ಮಾವ ಯಾವತ್ತು ಬಾಗಿಲಲ್ಲಿ ಕೂತಿದ್ರು? ಗಿರಾಕಿ ಬಂದ್ರೂ ಲೇತ್ ಬಿಟ್ಟು ಈಚೆ ಬರ್ತಿರ್ಲಿಲ್ಲ ಅಂತ ನೀವೇ ಬೈತಿದ್ರಲ್ಲ."

ಇಂದ್ರಮ್ಮನಿಗೆ ನಗು ಬಂತು, ತೋರಿಸಲಿಲ್ಲ. "ಅದು ಸರಿ, ದೇವ್ರು? ಬೋಳುಬೋಳಾಗಿ ಶುರು ಮಾಡ್ಬಾರ್ದು ಕಣೇ."

ಅಂಬುಜಾ ಒಂದು ಚೀಟಿ, ಪೆನ್ನು ಅವರ ಮುಂದಿಟ್ಟರು. ಪ್ರತಿ ಯುಗಾದಿಗೆ ಹೊಸ ಬಿಲ್ ಪುಸ್ತಕದ ಮೊದಲ ಹಾಳೆಯ ನೆತ್ತಿಯಲ್ಲಿ 'ಶ್ರೀ' ಬರೆಯುವುದು ಆ ಮನೆಯಲ್ಲಿ ಇಂದ್ರಮ್ಮನ ಕೆಲಸ. ಅದೇ ಕೈಯಲ್ಲಿ ಒಂದು 'ಶ್ರೀ' ಬರೆದರು. ಅಕ್ಷರವನ್ನೇ ಚಿತ್ರ ಮಾಡಿ ಕಿಟ್ಟಿ ಅಂಕಿಗಳ ಮೇಲೆ ಕೂರಿಸಿದ. ಅದು ಒಂದು ಕೇಬಿಯೂ ತೂಗಲಿಲ್ಲ.

ಯುಗಾದಿಗೆ ಮೂರು ದಿನ ಮೊದಲು ಅಂಬುಜಾ ಮತ್ತೆ ಬ್ಯಾಡರಹಳ್ಳಿಗೆ ಹೋದರು. ಗಂಗಾಧರಯ್ಯ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದು ನಿಂತರು. ಮುತ್ತುರಾಜ ವಿಳಾಸ ಒತ್ತಿದ. 'ಶ್ರೀ' ಬಂತು, ಕೆಳಗೆ ಅಂಕಿಗಳು ಬಂದವು. ನಾಲ್ಕು ಒತ್ತಿದ. ಒಂದರ ಕೆಳಗೊಂದರಂತೆ ಎಂಟು ಚಿತ್ರ ಇಳಿದವು.

"ಆರು ಸೆಕೆಂಡು" ಅಂದರು ಗಂಗಾಧರಯ್ಯ.

"ಅಕ್ಕಾರ, ಹಿಂಗಾದ್ರ ನಮ್ಮ ಚಾ ಹೋತಲ್ರಿ!" ಎನ್ನುತ್ತಾ ಮುತ್ತುರಾಜ ಎರಡನೇ ಚಿತ್ರದ ಮೇಲೆ ಗ್ರೀಸಿನ ಬೆರಳಿಟ್ಟ. "ಇದ ಬೇಕ್ರಿ."

"ನಂಬರ್ ಓದಪ್ಪ. ನಾಳೆ ನಾನು ಇಲ್ಲಿರಲ್ಲ."

"ನಾಲ್ಕನೂರಾ ಎರಡು."

ಅಂಬುಜಾ ಅಂಗಡಿಗೆ ಫೋನು ಮಾಡಿದರು. ಮುಕ್ಕಾಲು ಗಂಟೆಗೆ ಬುಷ್ ಆಟೋದಲ್ಲಿ ಬಂತು, ಸರಿಯಾಗಿ ಕೂತಿತು. ಗಂಗಾಧರಯ್ಯ ಗಡಿಯಾರ ಕಟ್ಟಿಕೊಂಡರು. "ಆರೂ ಗ್ಯಾಂಗಿಗೆ ಆ ಅಡ್ರೆಸ್ ಬರ್ಕೊಡಮ್ಮ" ಎಂದರು. ಯಶವಂತಪುರದ ಮಾತೆತ್ತಲಿಲ್ಲ.

ಏಪ್ರಿಲ್ ಕೊನೆಯ ಒಂದು ಶುಕ್ರವಾರ ಇಂದ್ರಮ್ಮ ಹಳೇ ಪೇಪರು ಹಿಡಿದು ಚಾರ್ಟಿನ ಮುಂದೆ ನಿಂತರು. ಗಾಜಿನ ಮೇಲೆ ಒಂದು ಗುರುತೂ ಇರಲಿಲ್ಲ. "ಒಬ್ನೂ ಬರಲ್ವಲ್ಲೇ ಈ ಕಡೆ" ಎಂದು ಗೊಣಗಿದರು. ಅಷ್ಟರಲ್ಲಿ ಗಂಗಾಧರಯ್ಯ ಮೆಟ್ಟಿಲು ಹತ್ತಿ ಬಂದರು.

"ಫೋನಲ್ಲೇ ಹೇಳ್ಬೋದಿತ್ತಲ್ಲ ಸಾರ್" ಎಂದರು ಅಂಬುಜಾ.

"ಅದು ಹುಡುಗ್ರಿಗಮ್ಮ. ಅಷ್ಟು ಚಿಕ್ಕದು ನನ್ ಕಣ್ಣಿಗೆ ಕಾಣಲ್ಲ." ಗೋಡೆಯ ಬಳಿ ಹೋಗಿ ಐದನೇ ಸಾಲಿನ ಮೇಲೆ ಬೆರಳಿಟ್ಟರು. "ಇದು ಹನ್ನೆರಡು ಕೊಡು."

ಅವರು ಬೆರಳು ತೆಗೆಯುವುದನ್ನೇ ಕಾದಿದ್ದು ಇಂದ್ರಮ್ಮ ಗಾಜು ಉಜ್ಜಿದರು.