ಗೋಲಿ ಇಲ್ಲದ ಸೀಟಿ

ಈ ಸೀಟಿಗೆ ನಾನೂರ ಎಂಬತ್ತು ರೂಪಾಯಿ ಕೊಟ್ಟೆ. ಯಾದಗಿರಿ ಸ್ಟೇಷನ್ ಕಡೆಯ ಆಟದ ಸಾಮಾನಿನ ಅಂಗಡಿಯವನು ಹೇಳಿದ್ದೂ ಅಷ್ಟೇ, ನಾನು ಕೊಟ್ಟಿದ್ದೂ ಅಷ್ಟೇ. ನನ್ನನ್ನು ಬಲ್ಲವರು ಇದನ್ನು ನಂಬಲಾರರು. ಕೆಂಭಾವಿ ಸಂತೆಯಲ್ಲಿ ತಾಡಪತ್ರಿ ಹಾಸಿಕೊಂಡು ಗುಂಡಿ, ಸೂಜಿ, ಬೂಟಿನ ಲಾಡಿ ಮಾರುತ್ತ ಮೇಲೆ ಬಂದವನು ನಾನು. ಹೇಳಿದ ಬೆಲೆಯ ಅರ್ಧದಿಂದ ಮಾತು ಶುರು ಮಾಡದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಅಂಗಡಿಯವನು ಗುರುತಿನವನೇ. ನಾನು ಸುಮ್ಮನೆ ನೋಟು ತೆಗೆದಿಟ್ಟಿದ್ದು ನೋಡಿ ಗಾಬರಿಯಾಗಿ, "ಯಾಕ್ರಿ ಸಾವಕಾರ್ರ, ಆರಾಮ ಅದೀರಿಲ್ಲೊ?" ಎಂದ.

ಆರಾಮ ಇರಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಅವನು ಬೇರೆ ಗಿರಾಕಿಗೆ ತೋರಿಸಲೆಂದು ಅಂಥದೇ ಒಂದನ್ನು ಊದಿದ್ದ. ಒಳಗೆ ಗೋಲಿ ಇಲ್ಲದ ಸೀಟಿ. ಗೋಲಿ ಇದ್ದದ್ದು ಗಿರ್ರೆನ್ನುತ್ತದೆ. ಇದು ಹಾಗಲ್ಲ, ಚಾಕುವಿನ ಹಾಗೆ ನೇರ ಬರುತ್ತದೆ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಎಂಟು ವರ್ಷದ ಹಿಂದಿನ ಸಿಟ್ಟು ಮೈಯೆಲ್ಲ ಹತ್ತಿಕೊಂಡಿತು. ಇಂಥದೊಂದು ಸೀಟಿಯನ್ನು ನಾನು ಹಿಂದೆ ಮಾರಿದ್ದೆ. ಮಾರಬಾರದಾಗಿತ್ತು. ಅದಕ್ಕೇ ಈ ಸಲ ಚೌಕಾಸಿ ಮಾಡಲು ಬಾಯಿ ಬರಲಿಲ್ಲ...

ಆ ಸೀಟಿಯ ಒಡತಿ ಸುರಪುರದ ಒಂದು ಶಾಲೆಯಲ್ಲಿ ಆಟದ ಟೀಚರು. ಕಾಯಂ ನೌಕರಿ ಅಲ್ಲ, ವರ್ಷ ವರ್ಷವೂ ಹೊಸದಾಗಿ ಕೇಳಿ ಪಡೆಯಬೇಕಾದ ಕೆಲಸ. ತಿಂಥಣಿ ಕಡೆಯ ಹೊಳೆದಂಡೆಯ ಮನೆತನ. ಅಪ್ಪ ಕೃಷ್ಣೆಯಲ್ಲಿ ಬಲೆ ಹಾಕುವವರು. ಬಾಸ್ಕೆಟ್‌ಬಾಲ್ ರೆಫರಿ ಪರೀಕ್ಷೆ ಪಾಸು ಮಾಡಿದ ಹೊಸತರಲ್ಲಿ ಶಹಾಪುರದ ನನ್ನ ಅಂಗಡಿಗೆ ಬಂದಳು. ನನ್ನದು ಶೀಲ್ಡು, ಕಪ್ಪು, ಮೆಡಲುಗಳ ಅಂಗಡಿ. ಅವುಗಳ ಮೇಲೆ ಹೆಸರು ಕೆತ್ತಿ ಕೊಡುವವನೂ ನಾನೇ. ಸೀಟಿ ಬೇಕೆಂದಳು. ಇಪ್ಪತ್ತು ರೂಪಾಯಿಯದನ್ನು ತೆಗೆದು ಮುಂದಿಟ್ಟೆ.

"ಎರಡ ಒಯ್ಯವ್ವ, ಮೂವತ್ತೈದ ಕೊಡು."

"ಗೋಲಿ ಇಲ್ಲದ್ದು ಬೇಕ್ರಿ ಕಾಕಾ."

"ಗೋಲಿ ಇಲ್ಲದ ಸೀಟಿ ಅಂದ್ರ ಕಾಳ ಇಲ್ಲದ ಶೇಂಗಾ ಇದ್ದಂಗ. ಅದೇನ ಕೂಗ್ತದ?"

"ಗೋಲಿಗಿ ಉಗುಳ ಹತ್ತಿದ್ರ ಸೀಟಿ ಮೂಕ ಆಗ್ತದ್ರಿ. ಯಾದಗಿರ್ಯಾಗ ನಂದು ಹಂಗ ಆತು. ನಾ ಗಲ್ಲ ಉಬ್ಬಿಸಿ ಊದಾಕತ್ತೀನಿ, ಸಪ್ಪಳನ ಇಲ್ಲ. ಹುಡುಗ್ರು ಆಡ್ಕೋತನ ಹೋದ್ರು." ಹೇಳುತ್ತ ತಾನೇ ನಕ್ಕಳು.

ಶೀಲ್ಡು ತರಲು ಹೈದರಾಬಾದಿಗೆ ಹೋದಾಗ ಅದನ್ನೂ ತಂದೆ. ಮುನ್ನೂರಕ್ಕೆ ಇಳಿಸಿ ತಂದು ಮುನ್ನೂರ ಐವತ್ತಕ್ಕೆ ಕೊಟ್ಟೆ. ನನ್ನ ಲಾಭ ನಾನು ಬಿಡುವವನಲ್ಲ.

ಆಮೇಲೆ ಶನಿವಾರ ಶನಿವಾರ ಬರತೊಡಗಿದಳು. ಸುರಪುರದ ಬಸ್ಸಿಗೆ ಹೊತ್ತಿದ್ದಾಗ ನನ್ನ ಶೀಲ್ಡಿನ ಕಪಾಟಿನ ಗಾಜಿನ ಮುಂದೆ ನಿಂತು ಕೈಸನ್ನೆ ರೂಢಿ ಮಾಡಿಕೊಳ್ಳುತ್ತಿದ್ದಳು. ಮುಷ್ಟಿ ಮೇಲೆ ಅಂದರೆ ಫೌಲು, ಅಂಗೈ ಮೇಲೆ ಅಂದರೆ ಗಡಿಯಾರ ನಿಲ್ಲಿಸಿ, ಎರಡು ಬೆರಳು ಕೆಳಗೆ ಅಂದರೆ ಎರಡು ಪಾಯಿಂಟು. ಗಾಜಿನೊಳಗೆ ಕಪ್ಪುಗಳ ಸಾಲು, ಅದರ ಮೇಲೆ ಆಕೆಯ ನೆರಳು. ಒಮ್ಮೆ ಹೆಸರು ಕೆತ್ತಿಸಲು ಬಂದ ಗಿರಾಕಿ ನೋಡಿ ನೋಡಿ, "ಟ್ರಾಫಿಕ್ ಪೊಲೀಸ್ ಪರೀಕ್ಷಾಕ್ಕ ಕುಂತಾಳೇನ್ರಿ?" ಎಂದ. ಆಕೆ ತಿರುಗಿ ನೋಡದೆ ಗಾಜಿನಲ್ಲೇ ಅವನಿಗೆ ಫೌಲಿನ ಮುಷ್ಟಿ ಎತ್ತಿದಳು. "ನಿಮ್ಮ ಸೈಕಲ್ ಬಾಗಲಕ್ಕ ಅಡ್ಡ ಅದ್ರಿ. ಮೊದಲ ತಗೀರಿ."

ನನ್ನನ್ನು ಟೈಮ್ ಹಿಡಿಯುವ ಕುರ್ಚಿಗೆ ಕೂಡಿಸಿದವಳೂ ಆಕೆಯೇ. ನಾನು ಹೇಗೂ ಶೀಲ್ಡು ಕಾಯುತ್ತ ಮೈದಾನದಲ್ಲಿ ಕೂಡುತ್ತಿದ್ದೆ. ಸುಮ್ಮನೆ ಕೂಡುವುದಕ್ಕಿಂತ ಗಡಿಯಾರ ಹಿಡಿಯಿರಿ ಎಂದಳು. ಕರೆಂಟು ನಂಬುವ ಹಾಗಿರಲಿಲ್ಲವಾದ್ದರಿಂದ ನನ್ನ ಮೇಜಿನ ಪಕ್ಕದ ಕಂಬಕ್ಕೆ ಶಾಲೆಯ ಗಂಟೆಯಾಗಿ ಬಳಸುವ ರೈಲು ಹಳಿಯ ತುಂಡು ತೂಗುಹಾಕಿದ್ದರು. ಮೊದಲ ದಿನವೇ ಎರಡು ಮಾತು ಹೇಳಿಕೊಟ್ಟಳು. "ಆಟ ನಡದಾಗ ನಿಮ್ಮ ಗಂಟಿಗಿ ಚೆಂಡು ನಿಲ್ಲಂಗಿಲ್ರಿ ಕಾಕಾ. ಟೈಮ್ ಮುಗದಾಗ ಅಷ್ಟ ಅದಕ್ಕ ಬೆಲಿ. ನಡುವ ಆಟ ನಿಲ್ಲಬೇಕಂದ್ರ ನಮ್ಮ ಸೀಟಿನ ಆಗಬೇಕು. ಇನ್ನೊಂದು, ಕಣ್ಣು ಕೋರ್ಟಿನ ಮ್ಯಾಲಿರ್ಲಿ. ಗೇಟಿನ ಕಡಿ ನೋಡಬ್ಯಾಡ್ರಿ."

ಆ ಎರಡನೇ ಮಾತು ಯಾಕೆ ಹೇಳಿದಳೆಂದು ನಮ್ಮ ಕಡೆಯವರಿಗೆ ಗೊತ್ತು. ನಮ್ಮಲ್ಲಿ ಆಟ ಯಾವುದೇ ಇರಲಿ, ದೊಡ್ಡವರೊಬ್ಬರು ಗೇಟಿನೊಳಗೆ ಕಾಲಿಟ್ಟರೆ ಅದು ನಿಂತುಬಿಡಬೇಕು. ಆಟಗಾರರು ಕೈ ಮುಗಿಯಬೇಕು. ಬಂದವರು ಸಾಲಾಗಿ ಕೈ ಕುಲುಕಿ, ಚೆಂಡು ಇಸಿದುಕೊಂಡು ಬುಟ್ಟಿಗೆ ಒಮ್ಮೆ ಒಗೆಯಬೇಕು. ಅದು ಬುಟ್ಟಿಗೆ ಬೀಳದೆ ಬಳ್ಳಾರಿ ಜಾಲಿಯ ಕಂಟಿಯೊಳಗೆ ಹೋದರೂ ಚಪ್ಪಾಳೆ ಬೀಳಬೇಕು. ಚೆಂಡು ಹಿಡಿಯುವುದನ್ನು ಕಲಿಸುವ ಮೊದಲೇ ನಾವು ಹುಡುಗರಿಗೆ ಕೈ ಮುಗಿಯುವುದನ್ನು ಕಲಿಸಿರುತ್ತೇವೆ. ಇದನ್ನು ಬರೆಯುವಾಗಲೂ ನಾನು ಹಲ್ಲು ಕಡಿಯುತ್ತಿದ್ದೇನೆ.

ಜಿಲ್ಲೆಯ ಪಂದ್ಯಗಳಾದ ಮೇಲೆ ಆಕೆಯನ್ನು ಕಲಬುರಗಿಗೆ ವಿಭಾಗ ಮಟ್ಟದ ಪಂದ್ಯಗಳಿಗೆ ಎರಡು ಸಲ ಕರೆದರು. ಇನ್ನೊಂದೇ ಮೆಟ್ಟಿಲು ಉಳಿದಿತ್ತು, ರಾಜ್ಯಮಟ್ಟದ ರೆಫರಿಗಳ ಪಟ್ಟಿ. ಅದಕ್ಕೆ ಮೇಲಿನಿಂದ ಒಬ್ಬ ವೀಕ್ಷಕರು ಬಂದು, ಆಕೆ ಮುಖ್ಯ ರೆಫರಿಯಾಗಿ ನಡೆಸುವ ಒಂದು ಫೈನಲ್ ನೋಡಿ ವರದಿ ಕೊಡಬೇಕಿತ್ತು. "ಆ ಪಟ್ಯಾಗ ಹೆಸರ ಬಂತಂದ್ರ, ವರ್ಷಾ ವರ್ಷಾ ಶಾಲ್ಯಾಗ ನನ್ನ ಇಟ್ಕೋರಿ ಅಂತ ಕೈ ಮುಗಿಯೋದು ತಪ್ಪತದ್ರಿ ಕಾಕಾ," ಎಂದಿದ್ದಳು. ಆ ಫೈನಲ್ ನಮ್ಮ ಶಹಾಪುರದ ಪಂದ್ಯಾವಳಿಯದಾಯಿತು. ಅದೇ ಆಕೆಯ ದುರ್ದೈವ.

ಅವತ್ತು ಶಹಾಪುರಕ್ಕೂ ಯಾದಗಿರಿಗೂ ಫೈನಲ್. ಶೀಲ್ಡುಗಳ ಖರ್ಚೆಲ್ಲ ಒಬ್ಬ ದೊಡ್ಡ ಗುತ್ತಿಗೆದಾರರದು. ಅವರೇ ಮುಖ್ಯ ಅತಿಥಿ. ಮೂರಕ್ಕೆ ಬರುತ್ತೇನೆಂದವರು ನಾಲ್ಕೂವರೆಯಾದರೂ ಪತ್ತೆಯಿಲ್ಲ. ವೀಕ್ಷಕರನ್ನೂ ತಮ್ಮ ಕಾರಿನಲ್ಲೇ ಕೂಡಿಸಿಕೊಂಡು, ಮನೆಗೆ ಕರೆದೊಯ್ದು ಚಹಾ ಕುಡಿಸುತ್ತ ಕೂತಿದ್ದರಂತೆ. ಆಕೆ ಕಾದು ನೋಡಿ, ಹೊತ್ತು ಮುಳುಗಿದರೆ ಬುಟ್ಟಿ ಕಾಣುವುದಿಲ್ಲವೆಂದು ಆಟ ಶುರು ಮಾಡಿದಳು. ಅಂದರೆ ಆಕೆಯನ್ನು ನೋಡಲೆಂದೇ ಬಂದ ಮನುಷ್ಯ ಆಕೆಯ ಆಟವನ್ನು ನೋಡಲೇ ಇಲ್ಲ.

ನಾನು ನೋಡಿದೆ. ಎಂಥಾ ಚಂದ ನಡೆಸಿದಳು! ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿರುತ್ತಿದ್ದಳು. ಊರವರು ಬೈದರೆ ಕಿವಿ ಇಲ್ಲದವಳ ಹಾಗೆ ಇರುತ್ತಿದ್ದಳು. ಕೊನೆಗೆ ಹನ್ನೊಂದು ಸೆಕೆಂಡು ಉಳಿದಿದ್ದವು. ಶಹಾಪುರ ಒಂದು ಪಾಯಿಂಟು ಮುಂದೆ, ಚೆಂಡು ಯಾದಗಿರಿಯವರ ಕೈಯಲ್ಲಿ. ಆಗ ಗೇಟಿನ ಹತ್ತಿರ ಹಲಗೆ ಬಡಿತ ಶುರುವಾಯಿತು, ಸರಪಟಾಕಿ ಸಿಡಿಯಿತು.

ನಾನು ಗೇಟಿನ ಕಡೆ ನೋಡಿದೆ. ಬಿಳಿ ಅಂಗಿ ಕಂಡಿತು. ಮುಂದಿನ ವರ್ಷದ ಶೀಲ್ಡುಗಳೂ ಕಂಡವು... ಸುಳ್ಳೇಕೆ ಹೇಳಲಿ. ನನ್ನ ಕೈ ತಾನಾಗಿ ಸುತ್ತಿಗೆ ಎತ್ತಿ ಹಳಿಯ ತುಂಡಿಗೆ ಢಣ್ ಎಂದು ಹೊಡೆಯಿತು.

ನಮ್ಮ ಶಹಾಪುರದ ಐದೂ ಜನ ನಿಂತಲ್ಲೇ ನಿಂತು ಗೇಟಿನ ಕಡೆ ತಿರುಗಿ ಕೈ ಮುಗಿದರು. ಆರಡಿ ಎತ್ತರದ ಗಂಡಸರು, ಮೈತುಂಬ ಬೆವರು, ಎರಡೂ ಕೈ ಎದೆಗೆ! ಜೊತೆಯ ರೆಫರಿ, ಒಬ್ಬ ಹಿರಿಯ ಮಾಸ್ತರು, ಅವರೂ ಸೀಟಿ ಬಾಯಲ್ಲಿಟ್ಟುಕೊಂಡೇ ಕೈ ಮುಗಿದರು. ಗೇಟಿಗೆ ಬೆನ್ನು ಮಾಡಿ ನಿಂತಿದ್ದ ಯಾದಗಿರಿಯ ಕನ್ನಡಕದ ಆಟಗಾರ ಒಬ್ಬನೇ ಬುಟ್ಟಿ ನೋಡಿದ, ಎರಡು ಹೆಜ್ಜೆ ಇಟ್ಟ, ಚೆಂಡು ಒಳಗೆ ಹಾಕಿದ. ಅದೇ ಹೊತ್ತಿಗೆ ಅತಿಥಿ ಕೋರ್ಟಿನ ಗೆರೆಯ ತನಕ ಬಂದುಬಿಟ್ಟಿದ್ದರು. ಆಕೆ ಒಂದು ಅಂಗೈ ಅವರ ಕಡೆ ಎತ್ತಿ, "ಅಲ್ಲೇ ನಿಲ್ರಿ ಸರ್, ಆಟ ನಡದದ," ಎಂದಳು. ಇನ್ನೊಂದು ಕೈಯಿಂದ ಎರಡು ಪಾಯಿಂಟಿನ ಸನ್ನೆ ಮಾಡಿದಳು. ನಮ್ಮವರಿಗೆ ಎಚ್ಚರಾಗಿ ಚೆಂಡು ಹುಡುಕುವಷ್ಟರಲ್ಲಿ ಹೊತ್ತು ಮುಗಿಯಿತು. ಯಾದಗಿರಿ ಗೆದ್ದಿತ್ತು.

ಆಮೇಲಿನದು ಗದ್ದಲ. ಚೆಂಡಿನ ಮಾತು ಕಡಿಮೆ, ಆ ಅಂಗೈಯ ಮಾತೇ ಹೆಚ್ಚು. "ಅವರಿಗಿ ಕೈ ಅಡ್ಡ ಮಾಡ್ತಾಳೇನು? ಎಷ್ಟ ಧಿಮಾಕ ನೋಡ್ರಿ!" ನಮ್ಮನ್ನು ಪೆಂಡಾಲಿನ ಹಿಂದೆ ಕರೆದರು. ಮಿರ್ಚಿ ಭಜ್ಜಿ, ಮಂಡಾಳ ಒಗ್ಗರಣೆ ಬಂದವು. ನನ್ನ ಕೈಗೂ ಒಂದು ಪ್ಲೇಟು ಬಂತು. ವೀಕ್ಷಕರು ಕೆಟ್ಟ ಮನುಷ್ಯರೇನಲ್ಲ. ಗೇಟಿನೊಳಗೆ ಬರುವಾಗ ರೆಫರಿ ಕೈ ಎತ್ತಿದ್ದನ್ನು ತಾನು ಕಂಡಿದ್ದೇನೆ, ಹಲಗೆಯ ಸದ್ದಿನಲ್ಲಿ ಗಂಟೆ ಯಾವಾಗ ಆಯಿತೋ ಕೇಳಲಿಲ್ಲ ಎಂದರು. ಆಟ ನಿಲ್ಲಿಸಿ ಎಂದು ಆಕೆ ಮೇಜಿಗೆ ಕೈ ಮಾಡಿ, ಆಮೇಲೆ ಪಾಯಿಂಟು ಕೊಟ್ಟಿದ್ದರೆ ಅದು ರೆಫರಿಯ ದೊಡ್ಡ ತಪ್ಪು. ಗಂಟೆ ತಾನಾಗಿ ಆಗಿದ್ದರೆ ಆಕೆಯದೇ ಸರಿ. "ಹೇಳ್ರಿ, ಮೊದಲ ಗಂಟಿನೋ, ಮೊದಲ ಕೈನೋ?"

ಆಕೆಯನ್ನು ಬಿಟ್ಟರೆ ಇಡೀ ಮೈದಾನದಲ್ಲಿ ಆ ಪ್ರಶ್ನೆಗೆ ಖರೇ ಉತ್ತರ ಗೊತ್ತಿದ್ದವನು ಗಂಟೆ ಹೊಡೆದವನೊಬ್ಬನೇ.

ಅತಿಥಿ ನನ್ನ ಹೆಗಲ ಮೇಲೆ ಕೈ ಇಟ್ಟರು. "ಬರೀರಿ ಸಾವಕಾರ್ರ. ಆ ಹುಡುಗಿ ಕೈ ಮಾಡ್ತು, ನೀವು ಹೊಡದ್ರಿ. ಬರೋಬ್ಬರಿ ಅದಲ್ಲೇನು? ಮುಂದಿನ ವರ್ಷನೂ ಶೀಲ್ಡ್ ನಿಮ್ಮ ಅಂಗಡಿದ."

ಆಕೆ ಎದುರಿಗೇ ನಿಂತಿದ್ದಳು. ಯಾರೂ ಆಕೆಗೆ ಕುರ್ಚಿ ಕೊಟ್ಟಿರಲಿಲ್ಲ. "ಕಾಕಾ," ಎಂದಳು, "ನೀವು ಗೇಟ್ ನೋಡಿದ್ರಿ, ಗಂಟಿ ಹೊಡದ್ರಿ. ಅಷ್ಟ ಬರೀರಿ. ಹೆಚ್ಚಿಗಿ ಏನೂ ಬ್ಯಾಡ."

ನಾನು ಬರೆದೆ. 'ರೆಫರಿ ಕೈ ಮಾಡಿದ ನಂತರ ಗಂಟೆ ಬಾರಿಸಿದೆ.' ಒಂದೇ ಸಾಲು. ಭಜ್ಜಿಯ ಎಣ್ಣೆ ಕೈಯಲ್ಲಿತ್ತು. ಸಹಿಯ ಮೇಲೆ ಹೆಬ್ಬೆರಳಿನ ಕಲೆ ಬಿತ್ತು. ಆಕೆ ಆ ಕಾಗದವನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು... ಯಾದಗಿರಿಯ ಆ ಎರಡು ಪಾಯಿಂಟು ರದ್ದಾಗಿ ಶೀಲ್ಡು ಶಹಾಪುರದ್ದಾಯಿತು. ಖಾಲಿ ಬಿಟ್ಟಿದ್ದ ಜಾಗದಲ್ಲಿ ಗೆದ್ದವರ ಊರಿನ ಹೆಸರನ್ನು ನನ್ನ ಕೈಯಿಂದಲೇ ಕೆತ್ತಿದೆ. ಯಾದಗಿರಿಯವರು ಚಹಾ ಕೂಡ ಕುಡಿಯದೆ ಜೀಪು ಹತ್ತಿದರು.

ರಾಜ್ಯದ ಪಟ್ಟಿಯಲ್ಲಿ ಆಕೆಯ ಹೆಸರು ಬರಲಿಲ್ಲ. ವಿಭಾಗದ ಪಂದ್ಯಗಳಿಗೂ ಕರೆಯುವುದು ನಿಂತಿತು. ಒಂದು ಶನಿವಾರ ಅಂಗಡಿಗೆ ಬಂದು ಆ ಸೀಟಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಳು. ದಾರ ಒಗೆದು ಒಣಗಿಸಿದ್ದಳು. "ಇದು ಇನ್ನ ನನಗ್ಯಾಕ ಬೇಕ್ರಿ. ಇಟ್ಕೋರಿ." ಗಾಜಿನ ಕಪಾಟಿನ ಕಡೆ ನೋಡದೆ ಹೋದಳು.

ನಾನು ಏನು ಮಾಡಿದೆ ಗೊತ್ತೇ? ಅದನ್ನು ಬಿಸಿನೀರಿನಲ್ಲಿ ತೊಳೆದು ಕಪಾಟಿನಲ್ಲಿ ಇಟ್ಟೆ. ಹದಿನೈದು ದಿನದೊಳಗೆ ಒಬ್ಬ ಗಿರಾಕಿ ಕೇಳಿದ. ಮುನ್ನೂರು ಎಂದೆ, ಅವನು ನೂರೈವತ್ತು ಎಂದ, ಇನ್ನೂರಕ್ಕೆ ಮುಗಿಸಿದೆವು. ಒಳ್ಳೆ ವ್ಯಾಪಾರ ಎಂದು ಆ ದಿನ ನನಗೆ ಅನಿಸಿತ್ತು. ಅತಿಥಿಯ ಮೇಲೆ ನನಗೆ ಸಿಟ್ಟಿದೆ, ಮರುವರ್ಷ ಅವರು ಶೀಲ್ಡಿಗೆ ಹತ್ತು ರೂಪಾಯಿ ಕಡಿಮೆ ಹೇಳಿದ ಬೇರೆಯವನ ಹತ್ತಿರ ಹೋದರು. ಚಹಾ ಕುಡಿಯುತ್ತ ಕೂತ ವೀಕ್ಷಕರ ಮೇಲೆ ಸಿಟ್ಟಿದೆ. ಕೈ ಮುಗಿದು ನಿಂತ ಆ ಐದು ಜನರ ಮೇಲೆ, ಬಾಯಲ್ಲಿ ಸೀಟಿ ಇದ್ದೂ ಊದದ ಮಾಸ್ತರ ಮೇಲೆ, ಇಡೀ ಊರಿನ ಮೇಲೆ ಸಿಟ್ಟಿದೆ. ಆದರೆ ಆ ಇನ್ನೂರು ರೂಪಾಯಿಯ ಸಿಟ್ಟು ನನ್ನೊಬ್ಬನ ಮೇಲಿನದು. ಅದನ್ನು ಹಂಚಿಕೊಳ್ಳಲು ಯಾರೂ ಸಿಗಲಿಲ್ಲ.

ನಾಲ್ಕು ವರ್ಷ ತಡವಾಗಿ ಖರೇ ಸಂಗತಿ ಬರೆದು ಕಲಬುರಗಿಯ ಕ್ರೀಡಾ ಕಚೇರಿಗೆ ಒಯ್ದೆ. ಓದಿದವರು ಮಡಚಿ ನನಗೇ ವಾಪಸು ಕೊಟ್ಟರು. "ಆಕಿನ ಆಟ ಬಿಟ್ಟಾಳ. ಈಗ್ಯಾಕ್ರಿ ಇದು?" ಹೊಳೆದಂಡೆಯ ಮನೆಗೂ ಹೋದೆ. ಆಕೆಯ ತಾಯಿ ಬಲೆಯ ಹರುಕು ಹೊಲಿಯುತ್ತ ಕೂತಿದ್ದರು. ಮಗಳು ತೆಲಂಗಾಣದ ಕಡೆ ಒಂದು ಹಾಸ್ಟೆಲಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ ಎಂದರು. ನಂಬರು ಕೇಳಿದೆ. ಸೂಜಿ ನಿಲ್ಲಿಸದೆ, "ನೀವು ಗಂಟಿ ಹೊಡ್ದೋರೇನು?" ಎಂದರು. ಹೌದೆಂದೆ. ನಂಬರು ಕೊಡಲಿಲ್ಲ. ಕೊಡಬಾರದು ಕೂಡ.

ಹೊಸ ಸೀಟಿ ಈಗ ನನ್ನ ಮೇಜಿನ ಮೇಲಿದೆ. ನನಗೆ ಊದಲು ಬರುವುದಿಲ್ಲ. ಇದು ಆಕೆಯದಲ್ಲ, ಆಕೆಯದು ಎಲ್ಲಿದೆಯೋ ಯಾರ ಕೊರಳಲ್ಲಿದೆಯೋ... ಹೋದದ್ದು ಹೋಯಿತು.

ಓದುವ ನಿಮಗೆ ಒಂದೆರಡು ಮಾತು ಹೇಳುತ್ತೇನೆ; ಬೆಲೆ ತೆತ್ತು ಕಲಿತದ್ದು, ನೀವು ಪುಕ್ಕಟೆ ತೆಗೆದುಕೊಳ್ಳಿ. ಯಾವ ಆಟದಲ್ಲಾದರೂ ಟೈಮ್ ಹಿಡಿಯಲು ಕೂತರೆ, ಮೊದಲು ಕುರ್ಚಿಯನ್ನು ಗೇಟಿಗೆ ಬೆನ್ನಾಗುವಂತೆ ತಿರುಗಿಸಿಕೊಳ್ಳಿ. ಬರುವವರು ಬರಲಿ, ಆಟ ಮುಗಿದ ಮೇಲೂ ಅವರಿಗೆ ಎರಡು ಕೈ ಇರುತ್ತವೆ, ಕುಲುಕಬಹುದು. ಯಾರಾದರೂ ನಿಮ್ಮ ಕೈಗೆ ತಿಂಡಿಯ ಪ್ಲೇಟು ಕೊಟ್ಟು, ಅದರ ಹಿಂದೆಯೇ ಪೆನ್ನು ಕೊಟ್ಟರೆ ಎರಡನ್ನೂ ಕೆಳಗಿಡಿ. ಕೈ ತೊಳೆದುಕೊಂಡು ಬನ್ನಿ. ಮೊದಲು ಏನಾಯಿತೋ ಅದನ್ನು ಮೊದಲು ಬರೆಯಿರಿ, ಆಮೇಲೆ ಆದದ್ದನ್ನು ಆಮೇಲೆ. ಇನ್ನು, ಯಾರಾದರೂ ತಮ್ಮ ಸೀಟಿಯನ್ನು ನಿಮ್ಮ ಮುಂದಿಟ್ಟು ಹೋದರೆ ಅದನ್ನು ಕಪಾಟಿಗೆ ಹಾಕಬೇಡಿ. ಅಂಗಡಿಯ ಬಾಗಿಲು ಹಾಗೇ ಬಿಟ್ಟು, ಬರಿಗಾಲಲ್ಲಾದರೂ ಸರಿ, ಬಸ್ ಸ್ಟ್ಯಾಂಡಿನ ತನಕ ಓಡಿ. ಸುರಪುರದ ಬಸ್ಸು ಹತ್ತು ನಿಮಿಷ ನಿಂತೇ ಹೊರಡುತ್ತದೆ.